ಇಲ್ಲಿಯದಲ್ಲ

"ಅಲ್ಲೇನು ಕಲ್ಲಿಗೆ ಬರವೇ?" ಎಂದ ಲಾರಿಯವನು
ಹನ್ನೊಂದನೆಯ ಪೆಟ್ಟಿಗೆ ಎತ್ತುವಾಗ.
ತೂಕದ ಲೆಕ್ಕದಲ್ಲಿ ಬಾಡಿಗೆ. ಬೊಗುಮಿವ್ ನನ್ನ ಮುಖ ನೋಡಿದ.
ನಾನು ಸೋಫಾ ಬಿಟ್ಟುಬಂದೆ.

ಚೆಂಸ್ತೊಹೋವಾದ ಆಚೆ, ಇಟ್ಟಿಗೆ ಗೂಡಿನ ಲೆಕ್ಕದ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ಕೂತವಳು ನಾನು.
ಜೇಡಿಮಣ್ಣಿನ ಗುಂಡಿಯಿಂದ, ಅಗೆಯುವ ಯಂತ್ರದ ಜೆನೊನ್
ಮಧ್ಯಾಹ್ನ ಬಾಗಿಲಿಗೆ ಬಂದು, ಟೋಪಿಯೊಳಗಿಂದ
ಮೊಟ್ಟೆ ಕೊಡುವ ಹಾಗೆ ಕೊಡುತ್ತಿದ್ದ:
ಒಂದು ಸುರುಳಿ, ಎರಡು ಸುರುಳಿ,
ಒಮ್ಮೊಮ್ಮೆ ಚಿಪ್ಪಿನ ಮಿನುಗು ಇನ್ನೂ ಆರದೆ ಇದ್ದದ್ದು.
ಹಲ್ಲುಜ್ಜುವ ಹಳೇ ಬ್ರಷ್ಷು, ಬೋಗುಣಿ ನೀರು,
ಆಮೇಲೆ ಲೇಬಲ್ಲು:
ಹೆಸರು, ಗುಂಡಿ, ಪದರ, ತಾರೀಖು, ಕೊಟ್ಟವರು.
ಲೇಬಲ್ಲಿಲ್ಲದ ಕಲ್ಲು ಬರೀ ಕಲ್ಲು.

ಗೂಡು ಮುಚ್ಚಿತು. ಗುಂಡಿಯಲ್ಲಿ ಈಗ ನೀರು, ಬಾತುಕೋಳಿ.

ಗಾಟ್ಲಂಡ್ ದ್ವೀಪದಲ್ಲಿ ಬೊಗುಮಿವ್ ದೋಣಿ ರಿಪೇರಿ ಮಾಡುತ್ತಾನೆ.
ನಾನು ಶಾಲೆಯ ಅಡುಗೆಮನೆಯಲ್ಲಿ ಆಲೂಗೆಡ್ಡೆ ಸುಲಿಯುತ್ತೇನೆ.
ಭಾನುವಾರ, ಚೀಲ ಹೆಗಲಿಗೆ ಹಾಕಿ, ದಂಡೆಗೆ.
ಮೂರು ತಿಂಗಳು ಬರಿಗೈ.
ಕಣ್ಣಿಗೆ ಬರುತ್ತಿದ್ದದ್ದು ಒಂದೇ ಪಾಠ: ಸುರುಳಿ.
ಸುರುಳಿ ಎಂದು ಬಗ್ಗಿದರೆ ಒಮ್ಮೆ ಹಗ್ಗದ ತುಂಡು,
ಒಮ್ಮೆ ಬಸವನಹುಳು, ಜೀವಂತ,
ಒಮ್ಮೆ ಯಾರೋ ಅರ್ಧ ತಿಂದು ಬಿಟ್ಟ ದಾಲ್ಚಿನ್ನಿ ಬನ್ನು.

"ಏನು ಕಳಕೊಂಡೆ?" ಎಂದ ಪಕ್ಕದ ಮನೆಯ ಅಲ್ಗೋಟ್,
ಕುರಿ ಸಾಕುವವನು, ಬೇಲಿಗೊರಗಿ.
ನನ್ನ ಅರೆಬೆಂದ ಸ್ವೀಡಿಷಿನಲ್ಲಿ ಹೇಳಲಾಗದೆ
ಗಾಳಿಯಲ್ಲಿ ಬೆರಳಿಂದ ಸುರುಳಿ ಬರೆದೆ,
ಹದಿನಾರು ಕೋಟಿ ವರ್ಷ, ಎಂದೆ.
ಅವನು ನಕ್ಕ, ಹಲ್ಲು ಉದುರಿದ ಕಡೆಯಿಂದ.
"ಹಾಗಾದರೆ ಬೇಗ ಬಂದೆ ನೀನು.
ಇಲ್ಲಿನ ಕಲ್ಲಿಗೆ ನಲವತ್ತೆರಡು ಕೋಟಿ.
ನಿನ್ನದು ಹುಟ್ಟಲಿಕ್ಕೆ ಇನ್ನೂ ಇಪ್ಪತ್ತಾರು ಕೋಟಿ ವರ್ಷ
ಕಾಯಬೇಕು. ಕಾಫಿ ಕುಡಿಯುತ್ತೀಯಾ?"

ಊರು ಬಿಟ್ಟೆ ಎಂದುಕೊಂಡಿದ್ದೆ.

ಅವನ ಕೋಳಿಗೂಡಿನ ಬಾಗಿಲಿಗೆ ಒತ್ತಿಟ್ಟ ಕಲ್ಲು.
ಅದರ ಮೈತುಂಬ ಸರಪಳಿ ಹೊಲಿಗೆ,
ಕೊಂಡಿಗೆ ಕೊಂಡಿ, ಎಲ್ಲೂ ದಾರ ಕಡಿಯದೆ.
"ಹವಳ," ಅಂದ. "ಹೊಲ ಉತ್ತಾಗೆಲ್ಲ ಬರುತ್ತವೆ.
ಎಸೆದೂ ಎಸೆದೂ ಸಾಕಾಗಿದೆ."
ಕಾಫಿ ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಏಳನೆಯ ಪೆಟ್ಟಿಗೆ, ತಳದಲ್ಲಿ, ಬೆಂಕಿಪೊಟ್ಟಣದೊಳಗೆ.
ನನಗೆ ಒಂಬತ್ತಾಗಿದ್ದಾಗ
ರಸ್ತೆಗೆಂದು ಸುರಿದ ಜಲ್ಲಿಯಲ್ಲಿ ಸಿಕ್ಕಿದ್ದು.
ಮೇಷ್ಟ್ರು ಬೆಳಕಿಗೆ ಹಿಡಿದು, "ಇಲ್ಲಿಯದಲ್ಲ" ಅಂದಿದ್ದರು.
ಎಲ್ಲಿಯದು ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು.
ದುಂಡಕ್ಷರದ ಲೇಬಲ್ಲು, ನನ್ನ ಮೊದಲನೆಯದು:
ಗೊತ್ತಿಲ್ಲ. ಇಲ್ಲಿಯದಲ್ಲ.

ಕೋಳಿಗಳ ನಡುವೆ ಮಂಡಿಯೂರಿ ಎರಡನ್ನೂ ಪಕ್ಕಪಕ್ಕ ಇಟ್ಟೆ.
ಅದೇ ಹೊಲಿಗೆ. ಅದೇ ಕೈ.
ಅಲ್ಗೋಟ್ ಕನ್ನಡಕ ಹಣೆಗೇರಿಸಿ ಬಗ್ಗಿದ:
"ಹಿಂದೆ ಹಿಮ ಈ ಕಡೆಯಿಂದ ನಿಮ್ಮ ಕಡೆಗೆ ಜಾರಿತ್ತಂತೆ,
ಸಿಕ್ಕಿದ್ದನ್ನೆಲ್ಲ ಉಜ್ಜಿಕೊಂಡು."

ಲಾರಿಯಿಲ್ಲ, ಬಾಡಿಗೆಯಿಲ್ಲ,
ಗೇಣು ಗೇಣಾಗಿ, ಕತ್ತಲಲ್ಲಿ,
ಅಷ್ಟು ದೂರ ಹೋಗಿ, ನನ್ನ ಚಪ್ಪಲಿಯ ಮುಂದೆ ಬಿದ್ದು,
ಈಗ ಬೆಂಕಿಪೊಟ್ಟಣದಲ್ಲಿ ಕೂತು ತೌರಿಗೆ ಬಂದದ್ದು
ಏನಾದರೂ ಅನ್ನುತ್ತದೇನೋ ಎಂದು ನೋಡಿದೆ.
ಅನ್ನಲಿಲ್ಲ. ಕಲ್ಲಲ್ಲವೇ.
ಅದರ ಪರವಾಗಿ ನಾನೇ ಒಂದಿಷ್ಟು ಅತ್ತೆ.
ಕೋಳಿಗಳು ದೂರ ಸರಿದವು.

ದಂಡೆಗೆ ಒಯ್ದು ಬಿಟ್ಟುಬಿಡಲೇ? ಒಂದು ರಾತ್ರಿ ನಿದ್ದೆಯಿಲ್ಲ.
ಬೇಡ. ಜಲ್ಲಿ ಸುರಿದ ಆ ರಸ್ತೆಯೂ ಅದರ ಊರೇ.

ಹಳೆಯ ಅಕ್ಷರ ಹೊಡೆದುಹಾಕಲಿಲ್ಲ.
ಕೆಳಗೆ, ಈಗಿನ ನನ್ನ ಓರೆ ಕೈಬರಹದಲ್ಲಿ:
ಸರಪಳಿ ಹವಳ. ಗುರುತಿಸಿದವರು ಅಲ್ಗೋಟ್,
ಕೋಳಿಗಳ ಸಮಕ್ಷಮ.
ಜೆನೊನನಿಗೆ ಕಾಗದ ಬರೆಯಬೇಕು,
ಟೋಪಿ ತುಂಬುವಷ್ಟಿದೆ ಇಲ್ಲಿ, ಅಂತ.

ಈ ಭಾನುವಾರ ಚೀಲ ಭಾರ.
ಕೊಂಬಿನಂಥ ಹವಳ ಆರು.
ಸಮುದ್ರ ನೈದಿಲೆಯ ಕಾಂಡದ ಬಿಲ್ಲೆಗಳು ಒಂದು ಮುಷ್ಟಿ,
ಅಂಗಿಯ ಗುಂಡಿಗಳ ಹಾಗೆ.
ಹೆಸರು ಗೊತ್ತಿಲ್ಲದವು ನಾಲ್ಕು.
ದಾಲ್ಚಿನ್ನಿ ಬನ್ನು ಒಂದು, ನಾನೇ ಕೊಂಡದ್ದು.
ತಿನ್ನುವ ಮುಂಚೆ ಒಮ್ಮೆ ತಿರುಗಿಸಿ ನೋಡಿದೆ.